ವರ್ಷಗಳ ನಂತರ ಮತ್ತೆ ಕಾಕ್‌ಪಿಟ್‌ಗೆ: ಪಿಪಿಎಲ್ ಉಳಿಸಿಕೊಳ್ಳುವುದು, ಹುಷಾರಾಗಿ ಹಾರಾಟಕ್ಕೆ ಮರಳುವುದು

ಪಿಪಿಎಲ್ ಅಂದರೆ ಖಾಸಗಿ ಪೈಲಟ್ ಲೈಸೆನ್ಸ್ ಪಡೆದು, ಹಾರಾಟ ಬಿಟ್ಟು ಎರಡು ಮೂರು ವರ್ಷವಾದವರು ಮತ್ತೆ ವಿಮಾನ ಹತ್ತಿದರೆ ಮೊದಲ ಹತ್ತು ನಿಮಿಷ ಎಲ್ಲವೂ ಸಲೀಸಾಗಿಯೇ ನಡೆಯುತ್ತದೆ. ಟೇಕಾಫ್ ನೇರವಾಗಿ ಹೋಗುತ್ತದೆ, ತಿರುವು ಹದವಾಗಿ ಬರುತ್ತದೆ, ಲ್ಯಾಂಡಿಂಗ್ ಕೂಡ ತಕ್ಕಮಟ್ಟಿಗೆ ಆಗಿಬಿಡುತ್ತದೆ. ಸೈಕಲ್ ಕಲಿತವನು ಮರೆಯುತ್ತಾನೆಯೇ ಎಂಬ ಧೈರ್ಯ ಹುಟ್ಟುವುದು ಅಲ್ಲೇ, ಅಪಾಯ ಹುಟ್ಟುವುದೂ ಅಲ್ಲೇ. ಕೈಗೆ ಹತ್ತಿದ ಕೆಲಸ ಬಹಳ ದಿನ ಉಳಿಯುತ್ತದೆ. ಚೆಕ್‌ಲಿಸ್ಟಿನ ಕ್ರಮ, ವೇಗಗಳ ಅಂಕಿ, ರೇಡಿಯೊ ಮಾತು, ಗೇಜುಗಳ ಮೇಲೆ ಕಣ್ಣಾಡಿಸುವ ರೂಢಿ, ಎಂಜಿನ್ ಕೆಮ್ಮಿದಾಗ ಮೊದಲು ಏನು ಮಾಡಬೇಕೆಂಬ ತೀರ್ಮಾನ, ಇವು ಬೇಗ ಜಾರಿಹೋಗುತ್ತವೆ. ಜಾರಿದ್ದು ಗೊತ್ತೂ ಆಗುವುದಿಲ್ಲ, ಏಕೆಂದರೆ ಎಲ್ಲ ಸರಿಯಿರುವ ದಿನ ಅವುಗಳ ಅಗತ್ಯ ಬೀಳುವುದೇ ಕಡಿಮೆ. ಆದ್ದರಿಂದ ಮರಳುವ ತಯಾರಿಯನ್ನು ಕೈಯಿಂದ ಶುರು ಮಾಡದೆ ತಲೆಯಿಂದ ಶುರು ಮಾಡಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಹೆಚ್ಚಾಗಿ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ಹಾರುವವರು. ಹಾಗಾಗಿ ಮುಂದಿನ ಲೆಕ್ಕಗಳೆಲ್ಲ ಸುಮಾರು 3000 ಅಡಿ ಎತ್ತರದ ನೆಲಕ್ಕೆ ಹೊಂದಿಸಿ ಹೇಳಿದವು. ಅಂಕಿಗಳು ಬಹುಪಾಲು ಎರಡು ಸೀಟಿನ ಸೆಸ್ನಾ 152 ವಿಮಾನದ್ದು. ನೀವು ಬೇರೆ ವಿಮಾನ ಹಾರಿಸುವವರಾದರೆ ಅದರ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ.

ಕಾಗದಪತ್ರ

ಲೈಸೆನ್ಸ್ ಮೇಲೆ ಮುಂದಿನ ದಿನಾಂಕ ಇದೆ ಎಂದಮಾತ್ರಕ್ಕೆ ಹಾರಬಹುದು ಎಂದಲ್ಲ. ಬೇರೆ ಬೇರೆ ಗಡುವುಗಳು ಒಟ್ಟಿಗೆ ಜೀವಂತ ಇರಬೇಕು: ಪಿಪಿಎಲ್, ಕ್ಲಾಸ್ 2 ಮೆಡಿಕಲ್, ರೇಡಿಯೊ ಲೈಸೆನ್ಸ್ ಅಂದರೆ ಎಫ್‌ಆರ್‌ಟಿಒಎಲ್, ಇಂಗ್ಲಿಷ್ ಭಾಷಾ ದೃಢೀಕರಣ. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ನಿಜವಾದ ಕೊನೆಯ ದಿನ. ಎಲ್ಲ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ಲಾಗ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿ. ಫೋನಿನಲ್ಲಿ ಪ್ರತಿಯೊಂದಕ್ಕೂ 90 ದಿನ ಮೊದಲೇ ಎಚ್ಚರಿಸುವಂತೆ ಅಲಾರಂ ಇಡಿ. ಭಾಷಾ ದೃಢೀಕರಣವನ್ನು ಮರೆಯುವವರೇ ಹೆಚ್ಚು. ಲೆವೆಲ್ 4 ಇದ್ದವರಿಗೆ 3 ವರ್ಷಕ್ಕೊಮ್ಮೆ, ಲೆವೆಲ್ 5 ಇದ್ದವರಿಗೆ 6 ವರ್ಷಕ್ಕೊಮ್ಮೆ ಮರುಪರೀಕ್ಷೆ ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. ಲೆವೆಲ್ 6 ಇದ್ದವರಿಗೆ ಈ ತಲೆನೋವಿಲ್ಲ.

ನೀವು 2021ಕ್ಕೆ ಮೊದಲೇ ಹಾರಾಟ ಬಿಟ್ಟವರಾದರೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕೆಲಸಗಳು ಇ-ಜಿಸಿಎ ಪೋರ್ಟಲ್‌ಗೆ ಹೋಗಿರುವುದು ನಿಮಗೆ ಹೊಸದು. ಡಿಜಿಸಿಎ ಹಿಂದೆ ಕೊಟ್ಟಿದ್ದ ಕಂಪ್ಯೂಟರ್ ನಂಬರ್ (ಅಭ್ಯರ್ಥಿಯ ಗುರುತಿನ ಸಂಖ್ಯೆ) ಹುಡುಕಿಟ್ಟುಕೊಂಡು ಪ್ರೊಫೈಲ್ ತೆರೆಯಿರಿ. ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಆಧಾರ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದಿರುವುದು ಸಾಮಾನ್ಯ. ಅರ್ಜಿ ವಾಪಸ್ ಬರುವುದಕ್ಕೆ ಇಷ್ಟು ಸಾಕು, ಅದಕ್ಕೇ ಇದನ್ನು ಮೊದಲು ಸರಿಮಾಡಿಸಿ. ಕಾನೂನೂ ಬದಲಾಗಿದೆ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ದೂರಸಂಪರ್ಕ ಇಲಾಖೆ ನೋಡಿಕೊಳ್ಳುತ್ತಿದ್ದ ರೇಡಿಯೊ ಆಪರೇಟರ್ ಪ್ರಮಾಣಪತ್ರದ ಕೆಲಸ ಈ ಕಾನೂನಿನೊಂದಿಗೆ ಡಿಜಿಸಿಎಗೆ ಬಂತು. ನವೀಕರಣಕ್ಕೆ ಎಷ್ಟು ಇತ್ತೀಚಿನ ಹಾರಾಟ ತೋರಿಸಬೇಕು, ಇಲ್ಲದಿದ್ದರೆ ಯಾವ ಪರೀಕ್ಷೆ ಎಂಬುದನ್ನು ಅರ್ಜಿ ಹಾಕುವ ವಾರದಲ್ಲಿ ಡಿಜಿಸಿಎ ಜಾಲತಾಣದಲ್ಲಿರುವ ನಿಯಮದಿಂದಲೇ ಓದಿಕೊಳ್ಳಿ. ಗೆಳೆಯರು ಫಾರ್ವರ್ಡ್ ಮಾಡಿದ ಹಳೆಯ ಪಿಡಿಎಫ್ ನಂಬಬೇಡಿ.

ಮೆಡಿಕಲ್

ಮುಗಿಯುವುದಕ್ಕೆ ಎರಡು ಮೂರು ತಿಂಗಳಿರುವಾಗಲೇ ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಸಮಯ ಕೇಳಿ. ಪರೀಕ್ಷೆಯಾದ ಮೇಲೆ ಅಸೆಸ್‌ಮೆಂಟ್, ಅಂದರೆ ಅರ್ಹರೆಂಬ ಡಿಜಿಸಿಎ ಪತ್ರ, ಬರಬೇಕು. ಹಳೆಯದರ ಗಡುವು ಮುಗಿದಿದ್ದರೆ, ಅದು ಕೈಸೇರುವವರೆಗೆ ಹಾರಬೇಡಿ.

ಆರೋಗ್ಯವಾಗಿದ್ದವರೂ ‘ತಾತ್ಕಾಲಿಕ ಅನರ್ಹ’ ಎನಿಸಿಕೊಳ್ಳುವುದು ಬಹಳ ಸಣ್ಣ ಕಾರಣಗಳಿಗೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಆಡಿಯೊಮೆಟ್ರಿ ಕೆಡುತ್ತದೆ. ಒಂದು ವಾರ ಮೊದಲೇ ಇಎನ್‌ಟಿ ವೈದ್ಯರ ಬಳಿ ತೆಗೆಸಿಬಿಡಿ, ನೀವೇ ಕಡ್ಡಿ ಹಾಕಿ ಒಳಗೆ ತಳ್ಳಬೇಡಿ. ಬಿಪಿ ಇನ್ನೊಂದು. ಮುಳಬಾಗಿಲಿನಿಂದಲೋ ಶಿರಾದಿಂದಲೋ ನಸುಕಿಗೇ ಹೊರಟು, ಟ್ರಾಫಿಕ್‌ನಲ್ಲಿ ಸಿಕ್ಕಿ, ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಕೂತವರ ಬಿಪಿ ಏರಿಯೇ ಇರುತ್ತದೆ. ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದು ಉಳಿದುಕೊಳ್ಳಿ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೂ ಅದು ಅನುಕೂಲ. ಹಿಂದಿನ ಒಂದು ವಾರ ಮನೆಯಲ್ಲಿ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ನಿಜವಾಗಿಯೂ ಜಾಸ್ತಿಯಿದ್ದರೆ ಪರೀಕ್ಷೆಯ ದಿನಕ್ಕಿಂತ ಮೊದಲೇ ತಿಳಿಯುತ್ತದೆ. ಕನ್ನಡಕದವರು ಹೊಸ ನಂಬರಿನ ಚೀಟಿ ಮತ್ತು ಎರಡನೆಯ ಜೊತೆ ಎರಡನ್ನೂ ಒಯ್ಯಿರಿ. ಹಾರುವಾಗಲೂ ಆ ಎರಡನೆಯ ಜೊತೆ ಕೈಗೆಟುಕುವಲ್ಲಿ ಇರಬೇಕು, ಸೀಟಿನ ಹಿಂದಿನ ಬ್ಯಾಗಿನಲ್ಲಿ ಇದ್ದರೆ ಪ್ರಯೋಜನವಿಲ್ಲ.

ಹಾರಾಟ ಬಿಟ್ಟಿದ್ದ ಕಾಲದಲ್ಲಿ ಶುರುವಾದ ಮಾತ್ರೆ, ಆಪರೇಷನ್, ಆಸ್ಪತ್ರೆ ವಾಸ ಏನಿದ್ದರೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರೆಲ್ಲ ಹೊರಗೆ ಬೀಳುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಯಾವ ಔಷಧ, ಎಷ್ಟು ಹತೋಟಿಯಲ್ಲಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಶೀತಕ್ಕೆ, ಅಲರ್ಜಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆಗಳು ಮಂಪರು ತರಿಸುತ್ತವೆ, ಆ ದಿನ ಹಾರಬೇಡಿ. ಮೂಗು ಕಟ್ಟಿದ್ದಾಗ ಎತ್ತರದಿಂದ ಇಳಿದರೆ ಕಿವಿಯ ತಮಟೆಗೇ ಪೆಟ್ಟು. ಮದ್ಯ ಕುಡಿದ ಮೇಲೆ ಹಾರುವುದಕ್ಕೆ ನಿಯಮ ಹೇಳುವ ಅಂತರ 12 ಗಂಟೆ.

ಮನೆಯಲ್ಲಿ ಎರಡು ವಾರ

ಕೈಪಿಡಿಯ ಪ್ರತಿ ಎದುರಿಗಿಟ್ಟುಕೊಂಡು ಒಂದು ಕಾರ್ಡಿನಲ್ಲಿ ವೇಗಗಳನ್ನು ಬರೆಯಿರಿ. 152ಕ್ಕೆ: ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಇಳಿಸುವ ಪಟ್ಟಿ) ಇಲ್ಲದೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ) 40 ನಾಟ್, ಪೂರ್ತಿ ಫ್ಲ್ಯಾಪ್‌ನಲ್ಲಿ 35, ಎಂಜಿನ್ ಇಲ್ಲದೆ ತೇಲುವ ಗ್ಲೈಡ್ 60, ಫ್ಲ್ಯಾಪ್ ಇಳಿಸಿದ ಅಪ್ರೋಚ್ 55ರಿಂದ 65. ನಂತರ ಕುರ್ಚಿಯಲ್ಲಿ ಕೂತು ಕಣ್ಮುಚ್ಚಿ, ಕೈ ಚಾಚಿ, ಇಡೀ ಸರ್ಕ್ಯೂಟನ್ನು (ಟೇಕಾಫ್ ಆಗಿ ರನ್‌ವೇ ಸುತ್ತಿ ಮತ್ತೆ ಇಳಿಯುವ ಸುತ್ತು) ಬಾಯಿಬಿಟ್ಟು ಹೇಳುತ್ತ ಮಾಡಿ. ರೇಡಿಯೊ ಕರೆಗಳನ್ನೂ ಗಟ್ಟಿಯಾಗಿ ಹೇಳಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಎಲ್ಲವೂ ಬಂದಂತೆ ಅನಿಸುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ಬಿಡದೆ ಮಾಡಿ. ಸೊನ್ನೆ ಬಿದ್ದ ಜಾಗ ಬೇಗ ತಿಳಿಯುತ್ತದೆ. ಬಹಳ ಮಂದಿಗೆ ಅದು ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು. ಕ್ರಮ ಹೀಗಿದೆ: ಥ್ರಾಟಲ್ ಪೂರ್ತಿ, ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಕೊಡುವ ಗುಂಡಿ) ಒಳಗೆ, ಫ್ಲ್ಯಾಪ್ 20 ಡಿಗ್ರಿಗೆ, ವೇಗ 55, ಆಮೇಲೆ ಉಳಿದ ಫ್ಲ್ಯಾಪ್ ನಿಧಾನಕ್ಕೆ. ಗಾಬರಿಯಲ್ಲಿ ಫ್ಲ್ಯಾಪನ್ನು ಒಮ್ಮೆಲೇ ಎತ್ತಿದರೆ ವಿಮಾನ ಕುಸಿಯುತ್ತದೆ.

ಇದರ ಜೊತೆಗೆ ದಿನಾ ಬೆಳಿಗ್ಗೆ ಬೆಂಗಳೂರು ವಿಮಾನ ನಿಲ್ದಾಣದ ಮೆಟಾರ್ (ಹವಾಮಾನ ವರದಿ) ತೆಗೆದು ಓದಿ, ಹಾರಬಹುದೇ ಬೇಡವೇ ಎಂದು ತೀರ್ಮಾನಿಸಿ, ಮಧ್ಯಾಹ್ನ ಏನಾಯಿತೆಂದು ನೋಡಿ. ತಾಪಮಾನ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) ನಡುವೆ 2 ಡಿಗ್ರಿಗಿಂತ ಕಡಿಮೆ, ಗಾಳಿ ಇಲ್ಲವೇ ಇಲ್ಲ ಎಂದಿದ್ದರೆ ಡಿಸೆಂಬರ್ ಜನವರಿಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಮಂಜು ಕವಿಯುವುದನ್ನು ನಿರೀಕ್ಷಿಸಬಹುದು. 10,000 ಅಡಿಯ ಕೆಳಗೆ ವಿಎಫ್‌ಆರ್‌ಗೆ, ಅಂದರೆ ಹೊರಗೆ ಕಣ್ಣಿಂದ ನೋಡಿ ಹಾರುವುದಕ್ಕೆ, 5 ಕಿಲೋಮೀಟರ್ ದೃಷ್ಟಿಗೋಚರ, ಮೋಡದಿಂದ ಅಡ್ಡಕ್ಕೆ 1500 ಮೀಟರ್, ಮೇಲೆ ಕೆಳಗೆ 1000 ಅಡಿ ಬೇಕು. ಮರಳಿದ ಮೊದಲ ತಿಂಗಳುಗಳಲ್ಲಿ ಈ 5ನ್ನು 8 ಎಂದು ನೀವೇ ಬಿಗಿ ಮಾಡಿಕೊಳ್ಳಿ.

3000 ಅಡಿಯ ನೆಲ, ಏಪ್ರಿಲ್ ಬಿಸಿಲು

ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. ಹೊಸದಾಗಿ ಕಲಿಯುವಾಗ ಇನ್‌ಸ್ಟ್ರಕ್ಟರ್ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಮರಳುವವರು ಮರೆಯುವುದು ಹೆಚ್ಚಾಗಿ ಇದನ್ನೇ.

3000 ಅಡಿಯಲ್ಲಿ ಪ್ರಮಾಣಿತ ತಾಪಮಾನ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಇದ್ದರೆ ವ್ಯತ್ಯಾಸ 26. ಒಂದು ಡಿಗ್ರಿಗೆ 120 ಅಡಿಯಂತೆ 3120 ಅಡಿ. ಅಂದರೆ ವಿಮಾನದ ಪಾಲಿಗೆ ನೀವು 6100 ಅಡಿ ಎತ್ತರದಿಂದ ಹೊರಟಿದ್ದೀರಿ. 152ರ ಏರುವ ದರ ಅಲ್ಲಿ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ. ಇನ್ನೂ ಸೂಕ್ಷ್ಮವಾದದ್ದು ಇಳಿಯುವಾಗ. ಗೇಜಿನಲ್ಲಿ 60 ನಾಟ್ ತೋರಿಸಿದರೂ ಗಾಳಿಯಲ್ಲಿ ನಿಜವಾದ ವೇಗ 65ರ ಮೇಲಿರುತ್ತದೆ, ಲ್ಯಾಂಡಿಂಗ್ ಓಟ ಸುಮಾರು 20 ಶೇಕಡಾ ಉದ್ದವಾಗುತ್ತದೆ. ನೆಲ ವೇಗವಾಗಿ ಓಡುವುದನ್ನು ಕಂಡ ಕಣ್ಣು ‘ಜಾಸ್ತಿ ಆಯಿತು, ಇಳಿಸು’ ಅನ್ನುತ್ತದೆ. ಕಣ್ಣಿನ ಮಾತು ಕೇಳಿ ಮೂಗು ಎತ್ತಿದರೆ ಗೇಜಿನ ವೇಗ 50ಕ್ಕೆ ಇಳಿದಿರುತ್ತದೆ. ಫೈನಲ್‌ನಲ್ಲಿ (ರನ್‌ವೇ ನೇರಕ್ಕೆ ಬಂದು ಇಳಿಯುವ ಕೊನೆಯ ಹಂತ) ಗೇಜನ್ನೇ ನಂಬಿ.

3000 ಅಡಿಗಿಂತ ಎತ್ತರದ ನೆಲದಿಂದ ಹೊರಡುವಾಗ, ಥ್ರಾಟಲ್ ಪೂರ್ತಿ ಕೊಟ್ಟು ನಿಂತಲ್ಲೇ ಓಡಿಸಿ ಆರ್‌ಪಿಎಂ ಅತಿ ಹೆಚ್ಚು ಬರುವಷ್ಟಕ್ಕೆ ಮಿಕ್ಸ್‌ಚರ್ ಲೀನ್ ಮಾಡಿಕೊಳ್ಳಬೇಕೆಂದು (ಗಾಳಿಯ ಜೊತೆ ಬೆರೆಯುವ ಇಂಧನ ಕಡಿಮೆ ಮಾಡುವುದು) 152ರ ಕೈಪಿಡಿಯೇ ಹೇಳುತ್ತದೆ. ನಮ್ಮ ನೆಲ ಆ ಗೆರೆಯ ಮೇಲೇ ಇದೆ. ಬಿಸಿಲು ಸೇರಿದರೆ ಗೆರೆ ದಾಟಿದಂತೆಯೇ, ಹಾಗಾಗಿ ನಿಮ್ಮ ಶಾಲೆಯ ಪದ್ಧತಿ ಏನೆಂದು ಇನ್‌ಸ್ಟ್ರಕ್ಟರ್ ಬಳಿ ಕೇಳಿಕೊಳ್ಳಿ. ಟ್ಯಾಕ್ಸಿಯಲ್ಲಿ ಪೂರ್ತಿ ರಿಚ್ ಬಿಟ್ಟು ಬಂದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. 1700 ಆರ್‌ಪಿಎಂನಲ್ಲಿ ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಎರಡು ಸಾಧನ) ನೋಡುವಾಗ ಎಂಜಿನ್ ಒರಟಾಗಿ, 125ಕ್ಕಿಂತ ಹೆಚ್ಚು ಬಿದ್ದರೆ ಅಥವಾ ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಸ್ವಲ್ಪ ಲೀನ್ ಮಾಡಿ 1800ರ ಆಸುಪಾಸು ಒಂದು ನಿಮಿಷ ಓಡಿಸಿ ಮತ್ತೆ ನೋಡಿ. ಆಗಲೂ ಹೋಗದಿದ್ದರೆ ವಾಪಸ್. ಒಂದು ಸಾರ್ಟಿ, ಅಂದರೆ ಒಂದು ಹಾರಾಟ, ಹೋದರೆ ಹೋಗಲಿ.

ತೂಕದ ಲೆಕ್ಕವನ್ನು ಹೊಸದಾಗಿ ಹಾಕಿ. 152ರ ಗರಿಷ್ಠ ತೂಕ 757 ಕೆಜಿ. ಖಾಲಿ ತೂಕ 525 ಇದೆ ಎಂದಿಟ್ಟುಕೊಳ್ಳಿ, ನಿಮ್ಮ ವಿಮಾನದ ತೂಕ ಪತ್ರದಲ್ಲಿರುವುದೇ ಅಂತಿಮ. ಬಳಸಬಹುದಾದ ಪೂರ್ತಿ ಇಂಧನ ಸುಮಾರು 92 ಲೀಟರ್, ಲೀಟರಿಗೆ 0.72 ಕೆಜಿಯಂತೆ 66. ಉಳಿಯುವುದು 166 ಕೆಜಿ. ಕಲಿಯುವಾಗ ನೀವು 62 ಕೆಜಿ ಇದ್ದು ಈಗ 84 ಆಗಿದ್ದರೆ, ಇನ್‌ಸ್ಟ್ರಕ್ಟರ್ ಕೂಡ ಅಷ್ಟೇ ಇದ್ದರೆ, ಟ್ಯಾಂಕ್ ತುಂಬಿಸುವಂತಿಲ್ಲ.

ಮಳೆಗಾಲದಲ್ಲಿ ಬೇರೆಯದೇ ಶತ್ರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ತಾಪಮಾನ 20ರಿಂದ 27, ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಲು ಇದು ಹೇಳಿ ಮಾಡಿಸಿದ ಹವಾಮಾನ, ಅದರಲ್ಲೂ ಥ್ರಾಟಲ್ ಇಳಿಸಿ ಇಳಿಯುವಾಗ. ಕಾರ್ಬ್ ಹೀಟ್ ಎಳೆದಾಗ ಏನಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಮಂಜುಗಡ್ಡೆ ಇಲ್ಲದಿದ್ದರೆ ಆರ್‌ಪಿಎಂ ಸ್ವಲ್ಪ ಬಿದ್ದು ಅಲ್ಲೇ ನಿಲ್ಲುತ್ತದೆ. ಇದ್ದರೆ ಬಿದ್ದು, ಕರಗಿದ ನೀರು ಎಂಜಿನ್ನಿಗೆ ಹೋಗಿ ಅದು ಒರಟಾಗಿ ನಡುಗಿ, ನಂತರ ನಿಧಾನಕ್ಕೆ ಏರುತ್ತದೆ. ಆ ನಡುಕಕ್ಕೆ ಹೆದರಿ ‘ಇದರಿಂದ ಇನ್ನೂ ಕೆಟ್ಟಿತು’ ಎಂದು ಗುಂಡಿಯನ್ನು ಒಳಗೆ ತಳ್ಳುವವರಿದ್ದಾರೆ. ತಳ್ಳಬೇಡಿ. ಪೂರ್ತಿ ಎಳೆದು, ನಯವಾಗುವವರೆಗೆ ಬಿಡಿ.

ಸಂಪ್‌ನಿಂದ (ಟ್ಯಾಂಕಿನ ತಳದಿಂದ) ತೆಗೆದ ಇಂಧನವನ್ನು ಆಕಾಶದ ಕಡೆ ಹಿಡಿದು ನೋಡಬೇಡಿ, ಬಿಳಿ ಕಾಗದ ಅಥವಾ ರೆಕ್ಕೆಯ ಬಿಳಿ ಬಣ್ಣದ ಎದುರು ಹಿಡಿಯಿರಿ. 100 ಎಲ್‌ಎಲ್ ವಿಮಾನ ಪೆಟ್ರೋಲ್ ನೀಲಿ ಇರುತ್ತದೆ. ರಾತ್ರಿ ಮಳೆ ಹೊಡೆದಿದ್ದರೆ ಬಾಟಲಿ ಪೂರ್ತಿ ನೀರೇ ಬಂದಿರಬಹುದು, ಆಗ ನಡುವೆ ಗೆರೆ ಕಾಣದೆ ಶುದ್ಧವೆಂದೇ ಅನಿಸುತ್ತದೆ. ಬಣ್ಣ ನೋಡಿ, ವಾಸನೆ ನೋಡಿ. ಕೆಲವು ದಿನ ನಿಂತ ವಿಮಾನವಾದರೆ ವೇಗ ಅಳೆಯುವ ಪಿಟೋ ನಳಿಕೆ, ಇಂಧನ ವೆಂಟ್‌ಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಟೇಕಾಫ್ ಓಟದಲ್ಲಿ ಏರ್‌ಸ್ಪೀಡ್ ಮುಳ್ಳು ಏಳಲಿಲ್ಲವೆಂದರೆ ಅಲ್ಲೇ ಥ್ರಾಟಲ್ ಮುಚ್ಚಿ ನಿಲ್ಲಿಸಿ.

ಇನ್‌ಸ್ಟ್ರಕ್ಟರ್ ಜೊತೆ

ಬಿಟ್ಟ ಪ್ರತಿ ವರ್ಷಕ್ಕೆ ಕನಿಷ್ಠ ಒಂದು ಗಂಟೆ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟ) ಎಂದು ಹಣ, ಸಮಯ ಎರಡನ್ನೂ ಎತ್ತಿಡಿ. ಇದು ನಿಯಮವಲ್ಲ, ಸುರಕ್ಷಿತ ಅಂದಾಜು. ‘ಒಂದು ಚೆಕ್ ಕೊಟ್ಟುಬಿಡಿ ಸಾರ್’ ಎಂದು ಕೇಳದೆ, ‘ನನಗೆ ಇದಿದು ಮರೆತಿದೆ, ಮೊದಲಿನಿಂದ ಮಾಡಿಸಿ’ ಎಂದು ಪಟ್ಟಿ ಕೊಡಿ. ಹೊರಡುವ ಮೊದಲು, ನಿಂತ ವಿಮಾನದಲ್ಲಿ ಅರ್ಧ ಗಂಟೆ ಒಬ್ಬರೇ ಕೂತು ಸ್ವಿಚ್ಚುಗಳನ್ನು ಮುಟ್ಟಿ ನೋಡುವುದಕ್ಕೆ ಅವಕಾಶ ಕೇಳಿ. ಅದಕ್ಕೆ ಖರ್ಚಿಲ್ಲ, ಲಾಭ ಬಹಳ.

ಮೊದಲ ಸಾರ್ಟಿಯಲ್ಲಿ ಲ್ಯಾಂಡಿಂಗ್ ಬೆನ್ನು ಹತ್ತಬೇಡಿ. ಎತ್ತರಕ್ಕೆ ಹೋಗಿ, ನಿಧಾನ ಹಾರಾಟ, ಸ್ಟಾಲ್, ಕಡಿದಾದ ತಿರುವು ಮಾಡಿ. ಸ್ಟಾಲ್ ಅಭ್ಯಾಸಕ್ಕೆ ನೆಲದಿಂದ 3000 ಅಡಿ ಬೇಕೆಂದರೆ ನಮ್ಮಲ್ಲಿ ಆಲ್ಟಿಮೀಟರ್ (ಎತ್ತರದ ಗೇಜು) 6000 ತೋರಿಸಬೇಕು. ಅಷ್ಟಕ್ಕೆ ಅನುಮತಿ ಸಿಗುವ ಜಾಗ, ಹೊತ್ತು ಯಾವುದೆಂದು ಇನ್‌ಸ್ಟ್ರಕ್ಟರ್‌ಗೆ ಗೊತ್ತಿರುತ್ತದೆ. 30 ಡಿಗ್ರಿ ಓರೆಯಲ್ಲಿ ಸ್ಟಾಲ್ ವೇಗ ಶೇಕಡಾ 7 ಏರುತ್ತದೆ, 45ರಲ್ಲಿ 19, 60ರಲ್ಲಿ 41. ಈ ಅಂಕಿ ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಹಂತ) ಫೈನಲ್‌ಗೆ ತಿರುಗುವಾಗ ಜೀವ ಉಳಿಸುತ್ತದೆ. ಗಾಳಿ ಬೇಸ್‌ನಲ್ಲಿ ಹಿಂದಿನಿಂದ ತಳ್ಳಿದರೆ ರನ್‌ವೇ ನೇರ ದಾಟಿಹೋಗುತ್ತೀರಿ. ಆಗ ರಡ್ಡರ್ ಒತ್ತಿ ಮೂಗನ್ನು ಎಳೆದು ತರುವ ಆಸೆಯಾಗುತ್ತದೆ. ಕಡಿಮೆ ಎತ್ತರದ ಸ್ಪಿನ್ (ವಿಮಾನ ಸುತ್ತುತ್ತ ಬೀಳುವುದು) ಅಲ್ಲಿಂದಲೇ ಶುರು. 30 ಡಿಗ್ರಿ ಮೀರಬೇಕಾಯಿತೆಂದರೆ ಗೋ ಅರೌಂಡ್.

ಎರಡನೆಯದು ಸರ್ಕ್ಯೂಟ್. ಆರರಿಂದ ಎಂಟು ಲ್ಯಾಂಡಿಂಗ್, ಅದರಲ್ಲಿ ಒಂದು ಫ್ಲ್ಯಾಪ್ ಇಲ್ಲದ್ದು, ಒಂದು ಗ್ಲೈಡ್, ಕಡೇಪಕ್ಷ ಎರಡು ಗೋ ಅರೌಂಡ್. ಗೋ ಅರೌಂಡ್‌ಗೆ ಹೇಳುವ ಹೊತ್ತನ್ನು ಇನ್‌ಸ್ಟ್ರಕ್ಟರ್ ಮೊದಲೇ ತಿಳಿಸಬಾರದು. 152ರಲ್ಲಿ ತೋರಿಸಿಕೊಟ್ಟಿರುವ ಅಡ್ಡಗಾಳಿ 12 ನಾಟ್, ಮರಳುವವರಿಗೆ 6 ಸಾಕು. ಗಾಳಿ ರನ್‌ವೇಗೆ 30 ಡಿಗ್ರಿಯಲ್ಲಿದ್ದರೆ ಅದರ ಅರ್ಧ ಅಡ್ಡಗಾಳಿ, 45ರಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ, 60 ದಾಟಿದರೆ ಪೂರ್ತಿ ಎಂದೇ ಹಿಡಿಯಿರಿ.

ಆಮೇಲೆ ಎಂಜಿನ್ ವೈಫಲ್ಯ. ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ಮೊದಲ ಕೆಲಸ ಮೂಗು ತಗ್ಗಿಸುವುದು. ಏರುವಾಗ ಮೂಗು ಮೇಲಿರುತ್ತದೆ, ಬೆಚ್ಚಿಬಿದ್ದು ಮೂರು ನಾಲ್ಕು ಸೆಕೆಂಡ್ ಕಳೆದರೆ ವೇಗ ಸ್ಟಾಲ್ ಹತ್ತಿರ ಬಂದಿರುತ್ತದೆ. ಎದುರಿಗೆ, ಎಡಬಲ 30 ಡಿಗ್ರಿ ಒಳಗೆ ಸಿಕ್ಕ ಜಾಗವೇ ಜಾಗ. ರನ್‌ವೇಗೆ ತಿರುಗಿ ಬರುವ ಯೋಚನೆ ಬೇಡ. ಪ್ರತಿ ಟೇಕಾಫ್‌ಗೆ ಮೊದಲು ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಕೆಳಗಿನ ನೆಲ

ನಾಲ್ಕನೆಯ ಸಾರ್ಟಿ ಸಣ್ಣ ಕ್ರಾಸ್ ಕಂಟ್ರಿ ಆಗಲಿ. ಇಲ್ಲಿ ಆಲ್ಟಿಮೀಟರ್ ಮರೆಸುವ ಲೆಕ್ಕ ಒಂದಿದೆ. ಕ್ಯೂಎನ್‌ಎಚ್ (ಸಮುದ್ರ ಮಟ್ಟದಿಂದ ಎತ್ತರ ತೋರಿಸುವಂತೆ ಹೊಂದಿಸುವ ಒತ್ತಡದ ಅಂಕಿ) ಹಾಕಿಕೊಂಡು 4500 ಅಡಿಯಲ್ಲಿ ಕೋಲಾರದ ಮೇಲೆ ಹೋಗುತ್ತಿದ್ದರೆ ನೆಲ ಇರುವುದು ಸುಮಾರು 2700ರಲ್ಲಿ. ಕೈಯಲ್ಲಿರುವುದು 1800 ಅಡಿ. 152 ಸಾವಿರ ಅಡಿಗೆ ಹೆಚ್ಚೆಂದರೆ ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ, ಅಂದರೆ ಮೂರು ಮೈಲಿಯೂ ಇಲ್ಲ. ಚಿಕ್ಕಬಳ್ಳಾಪುರದ ಮೇಲೆ ಇನ್ನೂ ಕಡಿಮೆ, ಪಕ್ಕದಲ್ಲೇ ನಂದಿಬೆಟ್ಟ 4851 ಅಡಿ. ತುಮಕೂರಿನ ಕಡೆ ದೇವರಾಯನದುರ್ಗ, ಮಧುಗಿರಿ ಎರಡೂ 3900 ಅಡಿಯ ಆಸುಪಾಸು. ಗಾಳಿ ಜೋರಿದ್ದ ದಿನ ಬೆಟ್ಟದ ಮರೆಗಾಳಿಯ ಬದಿಗೆ ಹೋಗಬೇಡಿ.

ತುರ್ತಾಗಿ ಇಳಿಯುವ ಹೊಲವನ್ನು ಮೇಲಿಂದ ಓದುವುದು ಜಿಲ್ಲೆಗೊಂದು ಬಗೆ. ಜನವರಿ ಹೊತ್ತಿಗೆ ಕೊಯ್ಲಾದ ರಾಗಿ ಕೂಳೆಯ ಹೊಲ ಒಳ್ಳೆಯದು, ಬದುಗಳ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟ ಮೇಲಿಂದ ಮೆತ್ತಗೆ ಹಸಿರಾಗಿ ಕಾಣುತ್ತದೆ, ಒಳಗೆ ಕಲ್ಲುಕಂಬ, ತಂತಿ. ಕೋಲಾರದಲ್ಲಿ ನೀಲಗಿರಿ ತೋಪು, ತುಮಕೂರಿನಲ್ಲಿ ತೆಂಗು, ಅಡಿಕೆ. ಕೆರೆ ಅಂಗಳ ಬಯಲಿನಂತೆ ಕಂಡರೂ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಇದೂ ನೆನಪಿರಲಿ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನೀವು ಹಾರುತ್ತಿದ್ದಾಗ ಒಣಗಿದ್ದ ಕೆರೆ ಈಗ ತುಂಬಿರಬಹುದು. ಹೆಗ್ಗುರುತುಗಳೂ ಬದಲಾಗಿವೆ. ಪಾವಗಡದ ಸೋಲಾರ್ ಪಾರ್ಕ್ ಬಹಳ ದೂರದಿಂದಲೇ ಕಾಣುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಮಾಲೂರು, ಬಂಗಾರಪೇಟೆ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದಿದೆ, ಅದನ್ನು ಹಳೆಯ ಹೆದ್ದಾರಿಯೆಂದು ತಪ್ಪು ತಿಳಿದರೆ ದಾರಿಯೇ ತಪ್ಪುತ್ತದೆ.

ಪ್ಲಾನ್ ಕೊಡುವುದು, ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ಪಡೆಯುವುದನ್ನು ಮೊದಲ ಸಲ ಶಾಲೆಯವರು ಮಾಡುವಾಗ ಪಕ್ಕದಲ್ಲಿ ಕೂತು ನೋಡಿ, ಎರಡನೆಯ ಸಲ ನೀವೇ ಮಾಡಿ. ಯಲಹಂಕ ವಾಯುನೆಲೆ, ದೇವನಹಳ್ಳಿ ಎರಡೂ ಪಕ್ಕದಲ್ಲಿರುವುದರಿಂದ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಅಧಿಕೃತ ಸೂಚನೆ) ಓದದೆ ಹೊರಡುವ ಮಾತೇ ಇಲ್ಲ. ಏರೋ ಇಂಡಿಯಾ ನಡೆಯುವ ಫೆಬ್ರವರಿಯಲ್ಲಂತೂ ದಿನಾ ಓದಿ. ರೇಡಿಯೊ ಸತ್ತರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಗುರುತು ಕಳಿಸುವ ಸಾಧನ) 7600, ತುರ್ತು ಪರಿಸ್ಥಿತಿಗೆ 7700.

ಸೋಲೊ, ನಂತರ ಜೊತೆಗಾರರು

ಇನ್‌ಸ್ಟ್ರಕ್ಟರ್ ಬಿಟ್ಟುಕೊಟ್ಟ ಮೇಲೆ ಮೊದಲ ಸೋಲೊ ಬೆಳಿಗ್ಗೆಯೇ ಆಗಲಿ. ಹೊತ್ತೇರಿದಂತೆ ಬಿಸಿಗಾಳಿ ಎದ್ದು ಹದ್ದುಗಳು ಸುತ್ತತೊಡಗುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಕಟ್ಟುವುದು ಒಂದೇ ಗಂಟೆಯೊಳಗೆ. ಊರಿನಿಂದ ಎರಡು ಗಂಟೆ ಕಾರು ಓಡಿಸಿ ಬಂದ ಕೂಡಲೇ ಹತ್ತಬೇಡಿ, ಅರ್ಧ ಗಂಟೆ ಕೂತು ನೀರು ಕುಡಿದು, ತಿಂಡಿ ತಿಂದು, ಹವಾಮಾನ ಮತ್ತೊಮ್ಮೆ ನೋಡಿ. ಅಷ್ಟು ದೂರ ಬಂದಿದ್ದೇವಲ್ಲ ಎಂಬುದು ಹಾರಲು ಕಾರಣವಾಗಬಾರದು.

ಹಾರಾಟಗಳ ನಡುವೆ 30 ದಿನ ಮೀರಿದರೆ ಮುಂದಿನದನ್ನು ಇನ್‌ಸ್ಟ್ರಕ್ಟರ್ ಜೊತೆಗೇ ಮಾಡಿ. ನಿಯಮ ಕೇಳುವ ಕನಿಷ್ಠ ಬೇರೆ, ನಿಮ್ಮ ಕೈ ಕೇಳುವುದು ಬೇರೆ. ತಿಂಗಳಿಗೆ ಎರಡು ಗಂಟೆಗೆ ಹಣ ಸಾಲದಿದ್ದರೆ, ಎರಡು ತಿಂಗಳಿಗೊಮ್ಮೆ ಒಂದೂವರೆ ಗಂಟೆ ಹಾರುವುದಕ್ಕಿಂತ ತಿಂಗಳಿಗೊಮ್ಮೆ 45 ನಿಮಿಷ ಸರ್ಕ್ಯೂಟ್ ಮಾಡುವುದು ಮೇಲು. ಪ್ರತಿಯೊಂದನ್ನೂ ಅದೇ ದಿನ ಲಾಗ್‌ಬುಕ್ಕಿಗೆ ಏರಿಸಿ, ಸಹಿ ಹಾಕಿಸಿ, ಪುಟದ ಫೋಟೊ ತೆಗೆದಿಡಿ. ನವೀಕರಣದ ಹೊತ್ತಿಗೆ ಹಳೆಯ ಸಹಿಗಾಗಿ ಊರೂರು ಅಲೆಯುವುದು ತಪ್ಪುತ್ತದೆ.

ಮನೆಯವರನ್ನು ಕರೆದೊಯ್ಯುವುದು ಕನಿಷ್ಠ ಐದಾರು ಸೋಲೊ ಆದ ಮೇಲೆ. ಅವರ ತೂಕವನ್ನು ಕೇಳಿ ತಿಳಿಯಬೇಡಿ, ತೂಗಿ. ಬೆಲ್ಟ್ ಹಾಕುವುದು, ಬಿಚ್ಚುವುದು, ಬಾಗಿಲು ತೆರೆಯುವುದನ್ನು ಅವರೇ ಎರಡು ಸಲ ಮಾಡಿ ತೋರಿಸಲಿ. ರಡ್ಡರ್ ಪೆಡಲಿನಿಂದ ಕಾಲು ದೂರ, ಟೇಕಾಫ್ ಮತ್ತು ಲ್ಯಾಂಡಿಂಗ್‌ನಲ್ಲಿ ಮಾತು ಬೇಡ, ಬೇರೆ ವಿಮಾನ ಕಂಡರೆ ಮಾತ್ರ ಬೆರಳು ತೋರಿಸಬೇಕು. ಸೀರೆ ಸೆರಗು, ದುಪಟ್ಟಾ ಸೀಟಿನ ಹಳಿಗೆ, ಬಾಗಿಲಿಗೆ ಸಿಕ್ಕದಂತೆ ಸಿಕ್ಕಿಸಿಕೊಳ್ಳಲು ಹೇಳಿ. ಫೋನಿನಲ್ಲಿ ವಿಡಿಯೊ ತೆಗೆಯುವವರ ಕೈ ನಿಮ್ಮ ಕಂಟ್ರೋಲ್‌ಗೆ ಅಡ್ಡ ಬರುತ್ತದೆ, ಹಾಗಾಗಿ ಫೋನ್ ಮೊದಲೇ ಚೀಲಕ್ಕೆ ಹೋಗಲಿ. ಪಿಪಿಎಲ್ ಮೇಲೆ ಬಾಡಿಗೆಗೆ, ಹಣಕ್ಕೆ ಯಾರನ್ನೂ ಹಾರಿಸುವಂತಿಲ್ಲ. ಪರಿಚಯದವರು ‘ಒಂದು ರೌಂಡ್‌ಗೆ ಎಷ್ಟು’ ಎಂದು ಕೇಳಿದರೆ ಉತ್ತರ ಇಷ್ಟೇ: ಆಗುವುದಿಲ್ಲ.